ಕೊಡೆ ಎಂಬ ತಂತಿ

ನನ್ನ ತಮ್ಮನಿಗೆ ಚಾಮರಾಜನಗರದ ಸೋದರತ್ತೆಯ ಮಗಳನ್ನು ತರುವುದೆಂದು ಹುಡುಗಿ ಹುಟ್ಟಿದಾಗಲೇ ಮಾತಾಗಿತ್ತು. ಗುಂಡ್ಲುಪೇಟೆಯ ನಮ್ಮ ಕೇರಿಯಲ್ಲಿ ಅದೇನು ಹೊಸದಲ್ಲ. ಆದರೆ ನಾವು ಕ್ರೈಸ್ತರು. ಅಷ್ಟು ಹತ್ತಿರದ ಸಂಬಂಧಕ್ಕೆ ಬಿಷಪ್ಪರ ಅಪ್ಪಣೆ ಬೇಕು. “ಅತ್ತೆ ಮಗಳ್ನ ತರಕ್ಕೆ ಅದ್ಯಾರಪ್ಪಣೆ ಕಣವ್ವ?” ಎಂದು ಪಕ್ಕದ ಮನೆಯಾಕೆ ನಕ್ಕಿದ್ದಳು.

ಬೂದಿ ಬುಧವಾರ ಹತ್ತಿರವಾಗಿತ್ತು. ಅದು ಬಂತೆಂದರೆ ತಪಸ್ಸುಕಾಲ, ಈಸ್ಟರ್ ಕಳೆಯುವವರೆಗೂ ಮದುವೆಯಿಲ್ಲ. ಅಷ್ಟು ಕಾಯಲು ಅತ್ತೆ ಒಲ್ಲಳು. ಸತ್ಯಮಂಗಲದ ಕಡೆಯ ಇನ್ನೊಂದು ಗಂಡಿನವರು ಕೇಳುತ್ತಲೇ ಇದ್ದರು.

ನಮ್ಮ ಚರ್ಚಿನ ಸ್ವಾಮಿಗಳು ತಮಿಳು ಸೀಮೆಯವರು, ಬಲು ಒಳ್ಳೆಯವರು. “ಬಿಷಪ್ಪರ ಉತ್ತರ ತಂತಿಯಲ್ಲಿ ಬರುತ್ತಮ್ಮ, ನಮ್ಮ ನಮ್ಮಲ್ಲೇ ಇರೋ ಗುಟ್ಟಿನ ಮಾತಲ್ಲಿ. ಇಲ್ಲ ಅಂತ ಬಂದ್ರೆ ಹುಡುಗಿ ಹೆಸರು ಬೀದಿಗೆ ಬೀಳಬಾರದಲ್ಲ” ಎಂದರು. ಆ ಮಾತು ಯಾವುದೆಂದು ನಮಗೂ ಹೇಳದೆ ಪುಣಜನೂರಿಗೆ ಹೊರಟುಹೋದರು.

ತಂತಿ ಮಾರನೆಯ ದಿನವೇ ಬರಬೇಕೆ! ಸ್ವಾಮಿಗಳ ಮನೆಯ ಬೀಗದ ಕೈ ನನ್ನ ಹತ್ತಿರವಿತ್ತು, ಅಂಚೆ ಪೇದೆ ನನಗೇ ತಂದುಕೊಟ್ಟ. ತಂತಿ ಎಂದರೆ ಸಾವು ಎಂದುಕೊಳ್ಳುತ್ತಿದ್ದ ಕಾಲ. ಅವನೇ ಒಡೆದು ನೋಡಿದ. “ಒಂದೇ ಮಾತು ಕಣಕ್ಕ. ಇಂಗ್ಲಿಸ್ ಅಕ್ಸರದಲ್ಲಿ ಕೊಡೆ ಅಂತ ಹಾಕವ್ರೆ.”

ಕೊಡೆ. ಕೊಡುವುದಿಲ್ಲ. ಗುಟ್ಟಿನ ಮಾತಿನ ನೆನಪೇ ನನಗಾಗಲಿಲ್ಲ. ಮದುವೆ ಸೀರೆ ನೋಡಲು ಬಂದಿದ್ದ ಅತ್ತೆ ಅಲ್ಲೇ ನಿಂತಿದ್ದಳು. “ಅಪ್ಪಣೆ ಕೊಡೆ ಅಂದ್ರಾ? ಅಂಗಾರೆ ಮಗಳ್ನ ನಾನೂ ಕೊಡೆ!” ಎಂದು ಸೆರಗು ಕೊಡವಿ ಬಸ್ಸಿಗೆ ನಡೆದಳು. ತಮ್ಮ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ. ನಾನು ಜಪಸರ ಹಿಡಿದೆ. ಅಳುವಿಗಿಂತ ಸಿಟ್ಟೇ ಬರುತ್ತಿತ್ತು, ದೇವಮಾತೆ ಕ್ಷಮಿಸಲಿ.

ಮರುದಿನ ಬಂದ ಸ್ವಾಮಿಗಳು ತಂತಿ ನೋಡಿ ಮುಖ ಅರಳಿಸಿದರು. “ಅಪ್ಪಣೆ ಸಿಕ್ಕಿತಮ್ಮ! ಕೊಡೆ ಅಂದ್ರೆ ನೆರಳು, ಆಶೀರ್ವಾದ. ಇಲ್ಲ ಅನ್ನೋಕೆ ಚಾಪೆ ಅಂತ ಇಟ್ಟಿದ್ವಿ.”

“ಛತ್ರಿ ಅನ್ನಬಾರದಿತ್ತಾ ಸ್ವಾಮಿ?”

“ಎರಡೂ ಒಂದೇ ಅಲ್ಲವೇನಮ್ಮ?”

ಇಂಥವರಿಗೆ ಏನು ಹೇಳಲಿ! ಕಾಲು ತೊಳೆಯಲೂ ಬಿಡದೆ ಚಾಮರಾಜನಗರದ ಬಸ್ಸು ಹತ್ತಿಸಿ ನಾನೂ ಹತ್ತಿದೆ. ದೇವರು ಅಷ್ಟು ದಯೆ ಇಟ್ಟಿದ್ದ: ಅಲ್ಲಿ ಸತ್ಯಮಂಗಲದ ಬಸ್ಸು ಕೆಟ್ಟು ನಿಂತಿತ್ತು. ಆ ಗಂಡನ್ನು ಗೊತ್ತುಮಾಡಲು ಹೊರಟಿದ್ದ ಅತ್ತೆ ಸ್ಟ್ಯಾಂಡಿನಲ್ಲೇ ಗಂಟು ಹಿಡಿದು ಕೂತಿದ್ದಳು.

“ಬಿಷಪ್ಪರು ಕೊಡೆ ಅಂದ್ರಂತಲ್ಲ ಸ್ವಾಮೇರೆ?”

“ಹೌದಮ್ಮ, ಕೊಡೆ ಅಂತಾನೇ ಅಂದ್ರು!” ಸ್ವಾಮಿಗಳು ನಗುನಗುತ್ತಲೇ ಹೇಳಿದರು.

ಅತ್ತೆ ಗಂಟು ಎತ್ತಿಕೊಂಡು ಎದ್ದಳು. ನಾನು ಅಡ್ಡ ನಿಂತೆ. “ಒಪ್ಪವ್ರೆ ಕಣತ್ತೆ! ಅದು ಛತ್ರಿ, ಛತ್ರಿ!”

ಅವಳು ನನ್ನನ್ನೊಮ್ಮೆ, ಸ್ವಾಮಿಗಳನ್ನೊಮ್ಮೆ ನೋಡಿದಳು. “ಒಪ್ಪಿದೀವಿ ಅಂತ ತಂತೀಲಿ ಹಾಕಕ್ಕೆ ಏನ್ ರೋಗ ಬಂದಿತ್ತು?”

ಅತ್ತೆ ಗಂಟನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. “ಆ ಸೀರೆಗೆ ಕೆಂಪಂಚೇ ಇರ್ಲಿ ಕಣಮ್ಮಿ.”