ವಾಚ್ ಬಿಚ್ಚಿಟ್ಟು ಒಳಗೆ ಬನ್ನಿ

ಮೊನ್ನೆ ಅಟ್ಟೂರಿನಲ್ಲಿ ತಂಗಿಯ ಮಗನ ಹೊಸ ಮನೆಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ನಡುಮನೆಯ ಮೇಜಿನ ಮೇಲೊಂದು ತೇಗದ ಪೆಟ್ಟಿಗೆ, ಕರಿ ಮುಚ್ಚಳ, ಅದರ ಮೇಲೆ ಎರಡು ಹಿತ್ತಾಳೆ ತಿರುಪು. ಪಕ್ಕದಲ್ಲಿ ಡ್ರಿಲ್ ಹಿಡಿದ ಎಲೆಕ್ಟ್ರಿಷಿಯನ್. ನಟ್ಟನಡುವೆ ತೂತು ಕೊರೆದು ಬಲ್ಬು ಕೂರಿಸುತ್ತಾರಂತೆ.

"ವಿಂಟೇಜ್ ಪೀಸ್ ಮಾವ, ಗುಜರೀಲಿ ಸಿಕ್ತು," ಎಂದಳು ಅವನ ಹೆಂಡತಿ ಕಾವ್ಯ.

ಯಶವಂತಪುರದಲ್ಲಿ ನಾನಿದ್ದ ಮೀಟರ್ ಕಾರ್ಖಾನೆಯ ಅಳತೆ ಕೋಣೆಯಲ್ಲಿ ಇಂಥವೇ ಇದ್ದವು. ಹೆಸರು ಸ್ಟ್ಯಾಂಡರ್ಡ್ ಇಂಡಕ್ಟರ್. ಒಳಗಿರುವುದು ತಾಮ್ರದ ತಂತಿಯ ಸುರುಳಿ, ಅಷ್ಟೇ. ಅಂಗಡಿಯ ತೂಕದ ಕಲ್ಲು ಸರಿಯಿದೆಯೇ ಎಂದು ನೋಡಲು ಒಂದು ಮೂಲ ಕಲ್ಲು ಬೇಕಲ್ಲ, ಹಾಗೆ ಇದು ಮಿಕ್ಕ ಸುರುಳಿಗಳಿಗೆಲ್ಲ ಮೂಲ ಸುರುಳಿ. ಹತ್ತಿರ ಲೋಹ ಸುಳಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಕೋಣೆಯ ಮುಖ್ಯಸ್ಥೆ ವಿಶಾಲಾಕ್ಷಮ್ಮನವರದು ಕಟ್ಟುನಿಟ್ಟಿನ ಮಡಿ. ತಮ್ಮ ಬಳೆಗಳನ್ನೂ ಹೊರಗಿನ ಮೊಳೆಗೆ ತಗುಲಿಸಿಯೇ ಒಳಗೆ ಬರುತ್ತಿದ್ದರು. ನನ್ನ ಸ್ಟೀಲ್ ಡಬ್ಬಿಗೆ ಕಾರಿಡಾರೇ ಗತಿ. ಎಷ್ಟೋ ಸಲ ನನಗಿಂತ ಮೊದಲು ಇರುವೆಗಳ ಊಟವಾಗಿರುತ್ತಿತ್ತು. ಒಮ್ಮೆ ಆಕೆ ದೊಡ್ಡ ಸಾಹೇಬರಿಗೇ ಬಾಗಿಲಲ್ಲಿ ಅಡ್ಡ ನಿಂತರು.

"ವಾಚ್ ಬಿಚ್ಚಿಟ್ಟು ಬನ್ನಿ ಸಾರ್. ಒಳಗಿರೋರಿಗೆ ಆಗ್ಬರಲ್ಲ."

ಸಾಹೇಬರು ತೆಪ್ಪಗೆ ಬಿಚ್ಚಿಟ್ಟರು.

ಕಾರ್ಖಾನೆ ಮುಚ್ಚಿದಾಗ ಏನು ಮಾಡಿದರು ಗೊತ್ತೇ? ಕಿಟಕಿಯ ಸರಳುಗಳ ಜತೆ ಈ ಪೆಟ್ಟಿಗೆಗಳನ್ನೂ ತೂಕಕ್ಕೆ ಹಾಕಿದರು. ಅಳತೆಗೇ ಅಳತೆಯಾಗಿದ್ದದ್ದನ್ನು ಗುಜರಿಯವನ ತುಕ್ಕು ತಕ್ಕಡಿಯಲ್ಲಿ ತೂಗಿದರು. ಮಡಕೆ ಕೊಳ್ಳುವಾಗ ನಾಲ್ಕು ಸಲ ಬಡಿದು ನೋಡುವ ನಾವು, ಹಳೆಯದನ್ನು ಎಸೆಯುವಾಗ ಒಮ್ಮೆಯೂ ಮುಟ್ಟಿ ನೋಡುವುದಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

"ಹೇಗೂ ಕೆಟ್ಟೋಗಿದೆಯಲ್ಲ ಮಾವ, ಲ್ಯಾಂಪ್ ಆದ್ರೂ ಆಗ್ಲಿ ಅಂತ..."

"ಕೆಟ್ಟಿದೆ ಅಂತ ಯಾರಮ್ಮ ಹೇಳಿದ್ದು? ತಂತಿ ಕಡಿಯೋವರ್ಗೂ ಇದು ಕೆಡಲ್ಲ. ಈಗ ಕಡಿಯೋಕ್ ಹೊರ್ಟಿರೋರು ನೀವು." ದನಿ ಏರಿಬಿಟ್ಟಿತ್ತು. ಎಲೆಕ್ಟ್ರಿಷಿಯನ್ ಕಡೆ ತಿರುಗಿ, "ಡ್ರಿಲ್ ಕೆಳಗಿಡಪ್ಪ. ಮೊದ್ಲು ನಿನ್ ಮೀಟರ್ ಇಟ್ ನೋಡು," ಎಂದೆ.

ಅವನು ಎರಡು ತಿರುಪಿಗೂ ಮೀಟರಿನ ಕಡ್ಡಿ ಮುಟ್ಟಿಸಿದ. ತಂತಿ ಎಲ್ಲೂ ತುಂಡಾಗಿರದಿದ್ದರೆ ಮೀಟರು ಕೂಗಬೇಕು. ಕೂಗಿತು.

ಡ್ರಿಲ್ ಚೀಲ ಸೇರಿತು. ಕಾಫಿ ಕುಡಿಯುತ್ತ, ಬೈಗುಳದ ನಡುನಡುವೆ, ವಿಶಾಲಾಕ್ಷಮ್ಮನವರ ಮಡಿಯ ಕಥೆಯನ್ನೂ ಕಾವ್ಯಳಿಗೆ ಹೇಳಿದೆ. ಅವಳು ಹ್ಞೂಂಗುಟ್ಟುತ್ತ ಲೋಟಗಳನ್ನು ಎತ್ತಿಟ್ಟಳು.

ಹೆಬ್ಬಾಳದ ನನ್ನ ಮನೆಗೆ ಹಿಂತಿರುಗಿ ಗಂಟೆ ನೋಡಲು ಕೈ ಎತ್ತಿದರೆ ಮಣಿಕಟ್ಟು ಬರಿದು. ಅಷ್ಟರಲ್ಲಿ ಅವಳದೇ ಫೋನು.

"ಮಾವ, ನಿಮ್ ವಾಚು ಆಚೆ ಚಪ್ಪಲಿ ಸ್ಟ್ಯಾಂಡ್ ಮೇಲಿದೆ."

ಬಾಗಿಲಲ್ಲಿ ಯಾವಾಗ ಬಿಚ್ಚಿಟ್ಟೆನೋ ನನಗೇ ತಿಳಿದಿರಲಿಲ್ಲ. "ಒಳಗೆ ಎತ್ತಿಡಮ್ಮ," ಎಂದೆ.

"ಒಳಗೆ ಹೇಗ್ ತರ್ಲಿ ಮಾವ?" ಎಂದಳು. "ನನ್ ಬಳೇನೂ ಅಲ್ಲೇ ಇಟ್ಟಿದೀನಿ."