ಬೆರಳ ಸಂದು

ಡಬ್ಬಿ ತೆರೆದರೆ ಸಾಕು, ಒಣಗಿದ ಹುಳುಗಳ ವಾಸನೆ ಮೂಗಿಗಿಂತ ಮೊದಲು ನನ್ನ ಹೊಟ್ಟೆಗೆ ತಗಲುತ್ತದೆ. ಈ ಬೆಳಿಗ್ಗೆಯೂ ಹಾಗೇ ಆಯಿತು. ಐವತ್ತು ದಾಟಿದ ಗಂಡಸು ಕಪ್ಪೆಯ ತಿಂಡಿ ಮೂಸಿ ಹೆದರುವುದೇ ಎಂದು ನೀವು ನಗಬಹುದು. ನಾನು ಹೆದರಲೆಂದೇ ಹುಟ್ಟಿದವನು. ತೊಪ್ಪೂರು ಘಾಟಿಯಲ್ಲಿ ಬಸ್ಸು ಇಳಿಯುವಾಗ ಡ್ರೈವರನ ಪರವಾಗಿ ನಾನೇ ಬ್ರೇಕು ತುಳಿಯುತ್ತಿರುತ್ತೇನೆ.

ಎರಡು ವರ್ಷದ ಹಿಂದೆ ಮಗಳು ಸೆಲ್ವಿ ಸೇಲಂ ಪೇಟೆಯ ಬಣ್ಣದ ಮೀನಿನಂಗಡಿಯಿಂದ ಎರಡು ಕಪ್ಪೆಮರಿ ತಂದಳು. ಸದಾ ನೀರಲ್ಲೇ ಇರುವ ಕುಳ್ಳ ಜಾತಿ, ಎರಡೂ ಒಂದೇ ಎಂದಿದ್ದನಂತೆ ಅಂಗಡಿಯವನು. ಮಗ್ಗದ ಕೋಣೆಯ ಗಾಜಿನ ತೊಟ್ಟಿಯಲ್ಲಿ ಮೀನುಗಳ ಜೊತೆ ಬಿಟ್ಟೆವು. ಚಿಕ್ಕದಕ್ಕೆ ಚಿನ್ನು ಎಂದು ಹೆಸರಿಟ್ಟು ಸೆಲ್ವಿ ಮುದ್ದು ಮಾಡಿದಳು. ಅದು ಇದ್ದಷ್ಟೇ ಉಳಿಯಿತು. ಇನ್ನೊಂದು ನಿಂಬೆಹಣ್ಣಿನ ಗಾತ್ರಕ್ಕೆ ಬಂತು. ಆಮೇಲೆ ಮೀನುಗಳು ಒಂದೊಂದಾಗಿ ಕಾಣೆಯಾದವು. ಮೂಳೆಯೂ ಸಿಗಲಿಲ್ಲ.

ಸೆಲ್ವಿ ಫೋನಿನಲ್ಲಿ ಏನೋ ಓದಿ ಬಿಳುಚಿಕೊಂಡಳು. "ಅಪ್ಪಾ, ಕುಳ್ಳ ಜಾತಿಗೆ ನಾಕು ಕಾಲ್ಗೂ ಬೆರಳ್ ನಡುವೆ ಚರ್ಮ ಇರ್ತೈತಂತೆ. ಇನ್ನೊಂದು ಜಾತಿ ಐತೆ, ಅದ್ಕೆ ಮುಂಗಾಲ್ನಾಗೆ ಇರಲ್ಲ. ಅದು ಬಾಯ್ಗೆ ಸಿಕ್ಕಿದ್ನೆಲ್ಲ ತಿಂತೈತೆ. ಚಿನ್ನೂನೂ ಬಿಡಲ್ಲ."

ಹೆಂಡತಿ ಬಟ್ಟೆಯ ಎಳೆ ಎಣಿಸುವ ಭೂತಗನ್ನಡಿಯನ್ನು ತಂದು ನನ್ನ ಕೈಗೆ ತುರುಕಿದಳು.

"ಇದು ಸೀರೆ ನೋಡೋದು ಕಣೆ."

"ಕಣ್ಣು ನಿಂದೇ ತಾನೆ? ನೋಡು. ಕಪ್ಪೆ ಏನ್ ನಿನ್ನ ನುಂಗ್ತೈತಾ?"

ನನ್ನ ಅನುಮಾನವೂ ಅದೇ ಆಗಿತ್ತು.

ದೊಡ್ಡದು ಗಾಜಿಗೆ ಮುಂಗೈ ಒತ್ತಿ ನಿಂತಿತ್ತು. ನೆತ್ತಿಯ ಮೇಲಿನ ಆ ಕಣ್ಣುಗಳು ಯಾರನ್ನು ನೋಡುತ್ತವೋ ಹೇಳಲಾಗದು. ಭೂತಗನ್ನಡಿ ಹಿಡಿದೊಡನೆ ಅಭ್ಯಾಸಬಲದಿಂದ ಬೆರಳು ಎಣಿಸಿದೆ. ನಾಲ್ಕು. ಪಕ್ಕದ ಚಿನ್ನುವಿನದನ್ನೂ ಎಣಿಸಿದೆ.

"ಇದ್ಕೂ ನಾಕೇ. ಎಲ್ಡೂ ಒಂದೇ ಜಾತಿ, ಓಗ್ರಿ."

"ಎಣ್ಣಾದೀಂಗಪ್ಪಾ!" ಗಾಬರಿಗೆ ಮಗಳು ತಮಿಳಿಗೆ ಹೊರಳಿ ಮತ್ತೆ ನಮ್ಮ ಮನೆಮಾತು ಕನ್ನಡಕ್ಕೆ ಬಂದಳು. "ಎಣಿಸ್ಬ್ಯಾಡ, ಸಂದು ನೋಡು!"

ಎಳೆಗಳ ನಡುವೆ ಸಂದು ಕಂಡರೆ ನೇಯ್ದದ್ದು ಕೆಟ್ಟಿತೆಂದೇ ನಮ್ಮ ನೇಕಾರರ ಲೆಕ್ಕ. ಮತ್ತೆ ಬಗ್ಗಿದೆ. ಚಿನ್ನುವಿನ ಬೆರಳ ನಡುವೆ ಈರುಳ್ಳಿ ಸಿಪ್ಪೆಯಂಥ ಚರ್ಮ. ದೊಡ್ಡದರ ಬೆರಳುಗಳು ಬಿಡಿಬಿಡಿ, ನಮ್ಮ ಕೈಯ ಹಾಗೆ. ನೋಡುತ್ತಿದ್ದಂತೆಯೇ ಆ ಬೆರಳುಗಳು ಚಿನ್ನುವಿನ ಹಿಂಗಾಲು ಹಿಡಿದು ಬಾಯೊಳಗೆ ದೂಡತೊಡಗಿದವು, ತುತ್ತು ದೂಡುವ ಹಾಗೆ.

ಸೆಲ್ವಿ ಕಿರುಚಿದಳು. ನನ್ನ ಕೈ ನನ್ನನ್ನು ಕೇಳದೆ ನೀರಿಗಿಳಿದಿತ್ತು. ಚಿನ್ನು ಕೊಸರಿ ಬಿಡಿಸಿಕೊಂಡಿತು. ಟೀ ಸೋಸುವ ಜಾಲರಿಯಲ್ಲಿ ಎತ್ತಿ ಕೊಡಕ್ಕೆ ಬಿಟ್ಟೆವು. ಕಾಲು ಉಳಿಯಿತು.

"ದೊಡ್ಡದ್ನ ಕೆರೆಗೆ ಬಿಟ್ಬಿಡು," ಎಂದಳು ಹೆಂಡತಿ. ಕೆರೆಯ ಮೀನುಗಳ ಗತಿ ನೆನೆದು ಅದಕ್ಕೂ ಹೆದರಿದೆ. ಹೀಗಾಗಿ ಅದು ಬೇರೆ ತೊಟ್ಟಿಯಲ್ಲಿ, ನನ್ನ ಪಾಲಿಗೆ ಉಳಿಯಿತು.

ಇವತ್ತು ಹುಳು ಉದುರಿಸಿದರೂ ಅದು ಅಲುಗಲಿಲ್ಲ. ಕಾಲು ಚಾಚಿ ಮೂಲೆಯಲ್ಲಿ ತೇಲುತ್ತಿತ್ತು. ಸತ್ತೇ ಹೋಯಿತೇನೋ. ಅಂಗಿಯ ತೋಳನ್ನೂ ಮಡಚದೆ ಕೈಯಿಳಿಸಿದೆ. ಬಿಡಿಬಿಡಿ ಬೆರಳುಗಳು ನನ್ನ ಬೆರಳನ್ನು ಹಿಡಿದು ಬಾಯತ್ತ ಎಳೆದವು.

ಸದ್ಯ, ಹಸಿದಿದೆ, ಎಂದುಕೊಂಡೆ. ಕೈ ತೆಗೆಯಲಿಲ್ಲ.