ಟರ್ನಿಪ್ ಕೇಳಿದವರಿಗೆ ಜಿನಿಯಾ

ಓರಿನ್ ಹ್ಯಾಸ್ಕೆಲ್ ಮೊದಲು ಕುದುರೆ ಜೀನು ಹೊಲಿಯುತ್ತಿದ್ದವನು. ಬಾಯಿ ಜೋರು, ಮನಸ್ಸು ಮೆತ್ತಗೆ. ಅಂಗಡಿಗೆ ಬಂದ ರೈತರ ಜೊತೆ ಹರಟುತ್ತಾ ಹರಟುತ್ತಾ, ಅಮೆರಿಕದ ಕಾನ್ಸಸ್‌ನ ಗೋಧಿ ಸೀಮೆಯಿಂದ ವಾಷಿಂಗ್ಟನ್ನಿನ ಸಂಸತ್ತಿಗೇ, ಅಂದರೆ ಕಾಂಗ್ರೆಸ್ಸಿಗೇ, ಆರಿಸಿ ಹೋಗಿಬಿಟ್ಟ. ಅಲ್ಲಿ ಅವನೇನೂ ಘನಂದಾರಿ ಭಾಷಣ ಮಾಡಲಿಲ್ಲ ಅನ್ನಿ. ಆದರೆ ಸರ್ಕಾರದ ಪುಕ್ಕಟೆ ಬೀಜದ ಪೊಟ್ಟಣಗಳನ್ನು ಪ್ರತಿ ವಸಂತದಲ್ಲೂ ತನ್ನ ಜನರ ಮನೆಮನೆಗೆ ತಪ್ಪದೆ ಕಳಿಸುತ್ತಿದ್ದ. ಗೆಲ್ಲುತ್ತಿದ್ದುದೇ ಅದರಿಂದ.

ಮೂರನೇ ಚುನಾವಣೆಯ ವರ್ಷ ಅದಕ್ಕೇ ಕುತ್ತು ಬಂತು. ಪೇಟೆಯವರಿಗೆ ಹೂವಿನ ಬೀಜ, ಹಳ್ಳಿಯವರಿಗೆ ತರಕಾರಿ ಬೀಜ ಎಂಬುದು ವಾಡಿಕೆ. ಗಡಿಬಿಡಿಯಲ್ಲಿ ಪುಣ್ಯಾತ್ಮ ವಿಳಾಸಗಳನ್ನು ಅದಲುಬದಲು ಅಂಟಿಸಿದ್ದ! ಟರ್ನಿಪ್ ಗೆಡ್ಡೆಗೆ ಕಾದಿದ್ದ ರೈತರಿಗೆಲ್ಲ ಜಿನಿಯಾ ಹೂವಿನ ಪೊಟ್ಟಣ ಬಂತು. ಊರೆಲ್ಲ ಕೆಂಡವಾಯಿತು. ಸೋತರೆ ಕೂರಲು ಜೀನಿನ ಅಂಗಡಿಯೂ ಇರಲಿಲ್ಲ. ವಾಷಿಂಗ್ಟನ್ನಿಗೆ ಹೊರಟಾಗಲೇ ಅದನ್ನು ಮುಚ್ಚಿದ್ದ.

ಸುಗ್ಗಿಯ ವನಭೋಜನದಲ್ಲಿ ಓರಿನ್ ಭಾಷಣಕ್ಕೆ ನಿಂತನೋ ಇಲ್ಲವೋ, ಹಂದಿ ಸಾಕುವ ಗಸ್ ಲಿಂಡ್‌ಕ್ವಿಸ್ಟ್ ಕೋಳಿಯ ಕಾಲು ಹಿಡಿದುಕೊಂಡೇ ಎದ್ದ.

"ಏನಯ್ಯಾ ಓರಿನ್, ಹೂವನ್ನೇ ಬೇಯಿಸ್ಕೊಂಡು ತಿನ್ಬೇಕಾ ನಾವು?"

ಜನ ಘೊಳ್ಳೆಂದರು. ಓರಿನ್ ತಪ್ಪನ್ನು ತನ್ನ ಕಚೇರಿಯ ಗುಮಾಸ್ತನ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ತಪ್ಪು ನಂದೇ ಕಣ್ರಪ್ಪಾ. ಅಂಟಿಸ್ದೋನು ನಾನೇ."

ಆಗ ಗಸ್‌ನ ಹೆಂಡತಿ ಹುಲ್ಡಾ ಎದ್ದಳು. "ಒಂದು ಹೂವಿನ ಗಿಡ ಹಾಕೋಣ ಅಂದ್ರೆ, ಮದ್ವೆ ಆದಾಗಿಂದ ಇವ್ರದ್ದು ಒಂದೇ ಮಾತು, 'ತಿನ್ನೋಕಾಗತ್ತಾ ಅದನ್ನ?' ಹಂದಿ ದೊಡ್ಡೀಲಿ ಎಸ್ದಿದ್ದ ಪೊಟ್ಟಣ ಆರಿಸ್ಕೊಂಡು ನಾನೇ ಬಿತ್ತಿದೆ. ಬಂದು ನೋಡಿ ನಮ್ಮಂಗಳನ."

"ಕೂತ್ಕೊಳೇ," ಅಂದ ಗಸ್.

"ನೀವು ಕೂತ್ಕೊಳ್ಳಿ. ಈಗ ನಂಗೂ ಓಟಿದೆ."

ಹೌದಲ್ಲ! ಕಾನ್ಸಸ್‌ನ ಹೆಂಗಸರಿಗೆ ಓಟು ಬಂದ ಮೇಲೆ ಕಾಂಗ್ರೆಸ್ಸಿಗೆ ನಡೆಯುವ ಮೊದಲ ಚುನಾವಣೆ ಅದು. ಗಂಡಸರ ನಗು ಅಲ್ಲಿಗೇ ನಿಂತಿತು. ಹೆಂಗಸರ ಕಡೆಯಿಂದ ಎದ್ದ ಚಪ್ಪಾಳೆಗೆ ಕಟ್ಟಿದ್ದ ಕುದುರೆಗಳು ಬೆದರಿದವು.

ಮತದಾನದ ದಿನ ಒಣಗಿದ ಜಿನಿಯಾವನ್ನು ಟೋಪಿಗೆ ಸಿಕ್ಕಿಸಿಕೊಂಡು ಹೆಂಗಸರು ಗಾಡಿಗಟ್ಟಲೆ ಬಂದಿಳಿದರು. ಓರಿನ್ ಗೆದ್ದ, ಕಣ್ಣೀರು ಒರೆಸಿಕೊಳ್ಳಲೂ ನಾಚಲಿಲ್ಲ.

ಮರುದಿನ ಗಸ್ ಓರಿನ್ನನ ಮನೆ ಬಾಗಿಲಿಗೆ ಬಂದ.

"ನಾನು ನಿಂಗೆ ಓಟು ಹಾಕ್ಲಿಲ್ಲ."

"ಗೊತ್ತು ಬಿಡಯ್ಯಾ."

"ಈ ಸಲನಾದ್ರೂ ಟರ್ನಿಪ್ ಬೀಜ ಕಳ್ಸು."

ಹಿಂದೆ ಗಾಡಿಯಲ್ಲಿ ಕೂತಿದ್ದ ಹುಲ್ಡಾ ಕೆಮ್ಮಿದಳು. ಗಸ್ ದನಿ ತಗ್ಗಿಸಿದ.

"ಜೊತೆಗೆ ಹೂವಿಂದೂ ಒಂದಿರ್ಲಿ. ಕೆಂಪಂದ್ರೆ ಅವಳಿಗೆ ಇಷ್ಟ."